14 ಕಿಲೋ ಇಳಿದ ಮೇಲೆ ತೂಕ ನಿಂತುಬಿಟ್ಟಿದೆ: ಊಟ ಬದಲಿಸಬೇಕೇ, ವ್ಯಾಯಾಮ ಬದಲಿಸಬೇಕೇ?

ಪ್ರಶ್ನೆ

ನನಗೆ 43 ವರ್ಷ, ಎತ್ತರ 160 ಸೆಂಟಿಮೀಟರ್. ತೂಕ ಇಳಿಸಬೇಕೆಂದು ಹೊರಟಾಗ 92 ಕಿಲೋ ಇದ್ದೆ. ಮೊದಲ ಹತ್ತು ತಿಂಗಳು ನಿಧಾನವಾಗಿಯಾದರೂ ಬಿಡದೆ ಇಳಿದು 78ಕ್ಕೆ ಬಂದೆ. ಅಲ್ಲಿಂದೀಚೆಗೆ ಐದು ತಿಂಗಳು ಕಳೆದಿವೆ; ತೂಕ 77.5 ಮತ್ತು 78.5ರ ನಡುವೆ ಓಲಾಡುತ್ತಿದೆಯೇ ಹೊರತು ಅದರಿಂದ ಕೆಳಗೆ ಹೋಗುತ್ತಿಲ್ಲ. ದಿನಕ್ಕೆ 1500 ಕ್ಯಾಲೊರಿ ಎಂದು ಲೆಕ್ಕವಿಟ್ಟು ತಿನ್ನುತ್ತೇನೆ, ವಾರದಲ್ಲಿ ಆರು ದಿನ ಬೆಳಗ್ಗೆ 45 ನಿಮಿಷ ಬಿರುಸಾಗಿ ನಡೆಯುತ್ತೇನೆ. ಎರಡರಲ್ಲಿ ಯಾವುದನ್ನೂ ನಾನು ಬಿಟ್ಟಿಲ್ಲ. ಅದೇ ಊಟ, ಅದೇ ನಡಿಗೆ ಮೊದಲು ಫಲ ಕೊಟ್ಟಿದ್ದು ಈಗ ಕೊಡುತ್ತಿಲ್ಲವೆಂಬುದೇ ನನಗೆ ಅರ್ಥವಾಗದ ಸಂಗತಿ.

ಇದರ ಜೊತೆಗೆ ಹಸಿವು ಹೆಚ್ಚಿದೆ. ರಾತ್ರಿಯ ಊಟ ಮುಗಿಸಿ ಪಾತ್ರೆ ತೊಳೆದಿಡುವಷ್ಟರಲ್ಲಿ ಮತ್ತೆ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕೆನ್ನಿಸುತ್ತದೆ. 92 ಕಿಲೋ ಇದ್ದಾಗ ಹೀಗಾಗುತ್ತಿರಲಿಲ್ಲ. ಬಹಳ ದಿನ ಕಡಿಮೆ ತಿಂದರೆ ಚಯಾಪಚಯವೇ ಕೆಟ್ಟುಹೋಗುತ್ತದೆ, ಆದ್ದರಿಂದ ಹೆಚ್ಚು ತಿನ್ನಬೇಕು ಎಂದು ಕೆಲವರು ಹೇಳಿದರೆ, 1000 ಕ್ಯಾಲೊರಿಗೆ ಇಳಿಸಿ ಓಟ ಶುರುಮಾಡಬೇಕು ಎಂದು ಇನ್ನು ಕೆಲವರು ಹೇಳುತ್ತಾರೆ. ನನ್ನ ಗುರಿ 70 ಕಿಲೋ. ಈ ಹಂತ ದಾಟಿದವರು ಅಥವಾ ವಿಷಯ ಬಲ್ಲವರು ದಯವಿಟ್ಟು ದಾರಿ ತೋರಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ತೂಕ ಐದು ತಿಂಗಳಿಂದ ಒಂದೇ ಕಡೆ ನಿಂತಿದೆ ಎಂದರೆ, ನಿಮ್ಮ ದೇಹ ಈಗ ದಿನಕ್ಕೆ ಎಷ್ಟು ಖರ್ಚು ಮಾಡುತ್ತಿದೆಯೋ ಹೆಚ್ಚುಕಡಿಮೆ ಅಷ್ಟನ್ನೇ ನೀವು ತಿನ್ನುತ್ತಿದ್ದೀರಿ ಎಂದರ್ಥ. ಒಂದೆರಡು ವಾರ ಹೀಗಾದರೆ ಮೈಯಲ್ಲಿ ನೀರು ನಿಂತಿರಬಹುದು ಎನ್ನಬಹುದಿತ್ತು; ಐದು ತಿಂಗಳಿಗೆ ಆ ಸಮಾಧಾನ ಸಾಲದು. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ ಎಲ್ಲಿ ಏನಾಗಿದೆ ಎಂಬುದು ಬಹುಮಟ್ಟಿಗೆ ಕಾಣುತ್ತದೆ.

1990ರಲ್ಲಿ ಪ್ರಕಟವಾದ, ಇಂದಿಗೂ ಆಹಾರತಜ್ಞರು ಬಳಸುವ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಂತೆ, ಮಹಿಳೆಯರ ವಿಶ್ರಾಂತಿ ಸ್ಥಿತಿಯ ಖರ್ಚನ್ನು ತಿಳಿಯಲು ಕಿಲೋ ತೂಕವನ್ನು 10ರಿಂದಲೂ ಸೆಂಟಿಮೀಟರ್ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಿ, ಅದರಿಂದ ವಯಸ್ಸಿನ ಐದು ಪಟ್ಟನ್ನೂ 161ನ್ನೂ ಕಳೆಯಬೇಕು. ನಿಮಗೆ 92 ಕಿಲೋದಲ್ಲಿ ಅದು 1544 ಬರುತ್ತದೆ, 78 ಕಿಲೋದಲ್ಲಿ 1404. ಮನೆಗೆಲಸ, ಓಡಾಟ, ನಡಿಗೆ ಎಲ್ಲ ಸೇರಿ 1.4ರಿಂದ ಗುಣಿಸಿದರೆ ದಿನದ ಒಟ್ಟು ಖರ್ಚು ಆಗ ಸುಮಾರು 2160 ಇದ್ದದ್ದು ಈಗ 1965ರ ಆಸುಪಾಸಿಗೆ ಬಂದಿದೆ. ಇಷ್ಟೇ ಅಲ್ಲದೆ, ತೂಕ ಇಳಿಸಿಕೊಂಡ ದೇಹ ತನ್ನ ಹೊಸ ಗಾತ್ರಕ್ಕೆ ಸೂತ್ರ ಹೇಳುವುದಕ್ಕಿಂತಲೂ ಸ್ವಲ್ಪ ಕಡಿಮೆಯೇ ಖರ್ಚು ಮಾಡುತ್ತದೆ ಎಂಬುದನ್ನು ಲೈಬೆಲ್, ರೋಸೆನ್‌ಬಾಮ್ ಮತ್ತು ಹಿರ್ಶ್ ಅವರ 1995ರ ಅಧ್ಯಯನ ತೋರಿಸಿಕೊಟ್ಟಿತು. ಅದನ್ನೂ ಕಳೆದರೆ ನಿಮ್ಮ ಇಂದಿನ ಖರ್ಚು 1850ರಿಂದ 1900ರೊಳಗೆ ಇರಬಹುದು. ಚಯಾಪಚಯ ‘ಕೆಟ್ಟುಹೋಗಿದೆ’ ಎಂದು ಜನ ಹೇಳುವುದರ ಹಿಂದಿರುವ ಸತ್ಯ ಇಷ್ಟೇ: ಅದು ತಗ್ಗಿದೆ, ನಿಂತಿಲ್ಲ. ಹೆಚ್ಚು ತಿಂದು ಅದನ್ನು ಸರಿಪಡಿಸುತ್ತೇನೆಂದು ಹೊರಟರೆ ತೂಕ ಏರುತ್ತದೆ.

ಈಗ ಇನ್ನೊಂದು ಕಡೆಯಿಂದ ನೋಡೋಣ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. 300 ದಿನಗಳಲ್ಲಿ 14 ಕಿಲೋ ಇಳಿದಿದ್ದೀರಿ ಎಂದರೆ ದಿನಕ್ಕೆ ಸರಾಸರಿ 360 ಕ್ಯಾಲೊರಿಯ ಕೊರತೆ ಇತ್ತು. ಆ ಅವಧಿಯ ಸರಾಸರಿ ಖರ್ಚನ್ನು 2000 ಎಂದಿಟ್ಟುಕೊಂಡರೆ ನೀವು ಆಗಲೇ ತಿನ್ನುತ್ತಿದ್ದದ್ದು 1650ರ ಹತ್ತಿರ. ಈಗ ತೂಕ ಕದಲುತ್ತಿಲ್ಲವಾದ್ದರಿಂದ 1850ರ ಮೇಲೆ. ಸೂತ್ರಗಳು ಒಬ್ಬೊಬ್ಬರ ವಿಷಯದಲ್ಲಿ ನೂರಕ್ಕೆ ಹತ್ತರಷ್ಟು ಆಚೀಚೆ ಆಗುವುದುಂಟು, ಆದ್ದರಿಂದ ಈ ಅಂಕಿಗಳನ್ನು ಕಲ್ಲಿನ ಮೇಲೆ ಕೆತ್ತಿದವೆಂದು ತಿಳಿಯಬೇಡಿ. ಆದರೂ ನೀವು 1500 ಎಂದು ಬರೆದುಕೊಳ್ಳುತ್ತಿರುವ ದಿನಗಳಲ್ಲಿ ಬರೆಯದೇ ಉಳಿದ ಇನ್ನೂರು ಮುನ್ನೂರು ಕ್ಯಾಲೊರಿ ಇದ್ದೇ ಇದೆ ಎಂದು ನಾನು ನಂಬುತ್ತೇನೆ. ಇದನ್ನು ಆರೋಪವೆಂದು ದಯವಿಟ್ಟು ಭಾವಿಸಬೇಡಿ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದ 1992ರ ಒಂದು ಅಧ್ಯಯನದಲ್ಲಿ ಅವರ ಚಯಾಪಚಯ ಸರಿಯಾಗಿಯೇ ಇತ್ತು. ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆಯಾಗಿ, ಮಾಡಿದ ವ್ಯಾಯಾಮವನ್ನು ಶೇ 51ರಷ್ಟು ಹೆಚ್ಚಾಗಿ ವರದಿ ಮಾಡಿದ್ದರು. ಕಣ್ಣಳತೆ ಎಂಬುದು ಎಲ್ಲರಲ್ಲೂ ತಿಂಗಳಿಂದ ತಿಂಗಳಿಗೆ ಸಡಿಲವಾಗುತ್ತ ಹೋಗುತ್ತದೆ.

ಹಸಿವಿನ ವಿಷಯವೂ ಇದಕ್ಕೇ ಸೇರಿದ್ದು. ಇಳಿದ ಪ್ರತಿ ಕಿಲೋ ತೂಕಕ್ಕೆ ದಿನದ ಖರ್ಚು 20ರಿಂದ 30 ಕ್ಯಾಲೊರಿಯಷ್ಟು ತಗ್ಗಿದರೆ, ತಿನ್ನಬೇಕೆಂಬ ಒತ್ತಡ 100 ಕ್ಯಾಲೊರಿಯಷ್ಟು ಏರುತ್ತದೆ ಎಂದು 2016ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಅಂದಾಜು ಮಾಡಿದರು. ತೂಕ ಇಳಿಸಿ ಒಂದು ವರ್ಷ ಕಳೆದ ಮೇಲೂ ಲೆಪ್ಟಿನ್, ಗ್ರೆಲಿನ್ ಮೊದಲಾದ ಹಸಿವಿನ ಹಾರ್ಮೋನುಗಳು ಹಿಂದಿನ ಮಟ್ಟಕ್ಕೆ ಮರಳಿರಲಿಲ್ಲ ಎಂಬುದನ್ನು 2011ರ ಆಸ್ಟ್ರೇಲಿಯಾದ ಒಂದು ಅಧ್ಯಯನ ಕಂಡಿತು. ಪಾತ್ರೆ ತೊಳೆದಿಡುವಾಗ ನಿಮಗೆ ಬರುವ ಆ ಹಸಿವು ಬಾಯಿಚಪಲವಲ್ಲ. ನಿಮ್ಮ ಮನೋಬಲದ ಕೊರತೆಯಂತೂ ಖಂಡಿತ ಅಲ್ಲ.

ನನ್ನ ಸಲಹೆ ಇದು: ಎರಡು ವಾರ ಏನನ್ನೂ ಕಡಿಮೆ ಮಾಡದೆ, ಈಗ ತಿನ್ನುವುದನ್ನೇ ತಿನ್ನುತ್ತ, ಎಲ್ಲವನ್ನೂ ಗ್ರಾಂ ತೂಗುವ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳಿ. ಎಣ್ಣೆಯನ್ನು ಬಿಡಲೇಬೇಡಿ, ಏಕೆಂದರೆ ಗ್ರಾಂಗೆ 9 ಕ್ಯಾಲೊರಿಯಂತೆ ಒಂದು ದೊಡ್ಡ ಚಮಚಕ್ಕೇ ಸುಮಾರು 120 ಆಗುತ್ತದೆ. ಬಂದ ಸರಾಸರಿಯಿಂದ 200 ಕಳೆಯಿರಿ, ಅಷ್ಟು ಸಾಕು. ಆದರೆ ಫಲ ಬೇಗ ಬರುತ್ತದೆಂದು ಎಣಿಸಬೇಡಿ: ಹಾಲ್ ಅವರ 2011ರ ಗಣಿತ ಮಾದರಿಯಂತೆ, ಶಾಶ್ವತವಾಗಿ ಉಳಿಸಿಕೊಂಡ ಪ್ರತಿ 24 ಕ್ಯಾಲೊರಿಯ ಕಡಿತ ಕೊನೆಗೆ ಒಂದು ಕಿಲೋ ಇಳಿಸುತ್ತದೆ, ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದರ ಬಹುಪಾಲು ಮೂರನೆಯ ವರ್ಷ ಮುಗಿಯುವುದರೊಳಗೆ. 200 ಕ್ಯಾಲೊರಿ ನಿಮ್ಮನ್ನು 70ಕ್ಕೆ ಒಯ್ಯುತ್ತದೆ, ಆದರೆ ಆ 8 ಕಿಲೋ ಮೊದಲಿನ 14 ಕಿಲೋದ ವೇಗದಲ್ಲಿ ಇಳಿಯುವುದಿಲ್ಲ.

ಎರಡನೆಯ ಉತ್ತರ

1000 ಕ್ಯಾಲೊರಿಗೆ ಇಳಿಯುವ ಮಾತು ಬಂದಿರುವುದರಿಂದ ನನ್ನ ಅನುಭವವನ್ನು ಹೇಳಲೇಬೇಕು. ಮೂರು ವರ್ಷದ ಹಿಂದೆ ನಿಮ್ಮಂತೆಯೇ ತೂಕ ನಿಂತಾಗ ನಾನು ಹಟ ಹಿಡಿದು, ಹೊಟ್ಟೆ ಕಟ್ಟಿ, ಹನ್ನೊಂದು ವಾರ 1000ದಲ್ಲಿ ಕಳೆದೆ. 4 ಕಿಲೋ ಇಳಿಯಿತು. ತಲೆ ಬಾಚಿದಾಗಲೆಲ್ಲ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಮಧ್ಯಾಹ್ನವಾದರೆ ಕುರ್ಚಿಯಿಂದ ಏಳುವುದೇ ಬೇಡವೆನ್ನಿಸುತ್ತಿತ್ತು. ನಡಿಗೆಯ ಒಂದು ಗಂಟೆಯನ್ನು ನಾನು ತಪ್ಪಿಸಲಿಲ್ಲ, ಆದರೆ ಉಳಿದ ಹದಿನೈದು ಗಂಟೆ ಗೊತ್ತಿಲ್ಲದೆಯೇ ಕೂತು ಕಳೆದೆ. ಮೆಟ್ಟಿಲು ಹತ್ತಿಳಿಯುವುದು, ನಿಂತು ಕೆಲಸ ಮಾಡುವುದು, ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುವುದು, ಹೀಗೆ ವ್ಯಾಯಾಮವೆಂದು ನಾವು ಎಣಿಸದ ಚಲನೆಯಲ್ಲಿ ಖರ್ಚಾಗುತ್ತಿದ್ದದ್ದು ಕುಗ್ಗಿತು. ಆಮೇಲೆ ನಾಲ್ಕೇ ತಿಂಗಳಲ್ಲಿ ಆ 4 ಕಿಲೋ ಮರಳಿತು, ಮೇಲೆ 2 ಕಿಲೋ ಸೇರಿಕೊಂಡಿತು.

ಎರಡನೆಯ ಸಲ ನಾನು ಬದಲಿಸಿದ್ದು ವ್ಯಾಯಾಮದ ಬಗೆಯನ್ನು. ನಡಿಗೆಯನ್ನು ಹಾಗೆಯೇ ಉಳಿಸಿಕೊಂಡು ವಾರಕ್ಕೆ ಮೂರು ದಿನ ಭಾರ ಎತ್ತುವ ಅಭ್ಯಾಸ ಸೇರಿಸಿದೆ. ಮೊದಲ ದಿನ ಎರಡು ಲೀಟರಿನ ಎರಡು ನೀರಿನ ಬಾಟಲಿ ಹಿಡಿದು ಕುರ್ಚಿಯ ಮೇಲೆ ಕೂತು ಎದ್ದದ್ದು ಹತ್ತು ಸಲ, ಅಷ್ಟಕ್ಕೇ ತೊಡೆ ನಡುಗಿತ್ತು. ಭಾರ ಎತ್ತುವುದರಿಂದ ಕ್ಯಾಲೊರಿ ಬಹಳ ಸುಡುತ್ತದೆ ಎಂದು ನಾನು ಹೇಳುವುದಿಲ್ಲ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯುವುದು ಮುಖ್ಯವಾಗಿ ಇದು ಮತ್ತು ಪ್ರೊಟೀನ್. ಕಿಲೋ ತೂಕಕ್ಕೆ 1.2 ಗ್ರಾಂನಿಂದ 1.6 ಗ್ರಾಂ ಎಂದರೆ ನಿಮಗೆ ದಿನಕ್ಕೆ 95ರಿಂದ 125 ಗ್ರಾಂ ಪ್ರೊಟೀನ್ ಆಗುತ್ತದೆ. ಪ್ರೊಟೀನನ್ನು ಜೀರ್ಣಿಸಿಕೊಳ್ಳುವುದಕ್ಕೇ ಅದರ ಶಕ್ತಿಯ ಶೇ 20ರಿಂದ 30ರಷ್ಟು ವ್ಯಯವಾಗುತ್ತದೆ, ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ನೀವು ಹೇಳುವ ರಾತ್ರಿಯ ಹಸಿವು ನನಗೂ ಇತ್ತು. ಬೆಳಗಿನ ತಿಂಡಿಯಲ್ಲಿ ಪ್ರೊಟೀನ್ ಹೆಚ್ಚಿಸಿದ ಮೇಲೆ ಅದು ತಗ್ಗಿದ್ದು ನನಗೆ ಅನಿರೀಕ್ಷಿತವಾಗಿತ್ತು.

ಓಟದ ಬಗ್ಗೆ ಒಂದೇ ಮಾತು. 78 ಕಿಲೋ ತೂಕದಲ್ಲಿ, ಅಭ್ಯಾಸವಿಲ್ಲದೆ, ಏಕಾಏಕಿ ಓಡಲು ತೊಡಗಿದರೆ ಮಂಡಿಗೆ ಪೆಟ್ಟಾಗಿ ನಡಿಗೆಯೂ ನಿಲ್ಲುವ ಸಾಧ್ಯತೆಯಿದೆ. ನಡಿಗೆಯ ದಾರಿಯಲ್ಲೇ ಏರು ಹುಡುಕಿಕೊಳ್ಳುವುದು ಮೇಲು.

ಮೂರನೆಯ ಉತ್ತರ

ವೈದ್ಯನಾಗಿ ಕೆಲವು ಪ್ರಶ್ನೆಗಳನ್ನು ಕೇಳಬೇಕೆನಿಸುತ್ತದೆ. ಈ ಐದು ತಿಂಗಳಲ್ಲಿ ಹೊಸ ಔಷಧಿ ಏನಾದರೂ ಶುರುವಾಗಿದೆಯೇ? ಸ್ಟೀರಾಯ್ಡ್, ಇನ್ಸುಲಿನ್, ಸಲ್ಫೊನೈಲ್‌ಯೂರಿಯಾ ಗುಂಪಿನ ಮಧುಮೇಹದ ಮಾತ್ರೆ, ಖಿನ್ನತೆ ಮತ್ತು ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಿಗಳು ತೂಕವನ್ನು ಹಿಡಿದಿಡುತ್ತವೆ. ಇದ್ದರೆ ತಾವಾಗಿಯೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರೊಡನೆ ಮಾತನಾಡಬೇಕು. ಚಳಿ ಹೆಚ್ಚಾಗುವುದು, ಮಲಬದ್ಧತೆ, ಸುಸ್ತು ಇದ್ದರೆ ಥೈರಾಯ್ಡ್ ಸರಿಯಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದರೆ ಅದನ್ನೂ ತಿಳಿಸಿ. ಥೈರಾಯ್ಡ್ ಕೊರತೆ ಪತ್ತೆಯಾದರೂ ಅದೊಂದರಿಂದಲೇ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಎಲ್ಲದಕ್ಕೂ ಅದನ್ನೇ ಕಾರಣ ಮಾಡಲಾಗದು.

ನಿದ್ರೆಯ ಬಗ್ಗೆ ಇಲ್ಲಿ ಯಾರೂ ಕೇಳಿಲ್ಲ. 2010ರ ಒಂದು ಚಿಕ್ಕ ಅಧ್ಯಯನದಲ್ಲಿ ಅಷ್ಟೇ ಕ್ಯಾಲೊರಿ ತಿಂದವರು ಎಂಟೂವರೆ ಗಂಟೆ ಮಲಗುವ ಬದಲು ಐದೂವರೆ ಗಂಟೆ ಮಲಗಿದಾಗ, ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕಡಿಮೆಯಾಯಿತು, ಸ್ನಾಯುವಿನ ಪಾಲು ಹೆಚ್ಚಿತು.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳುತ್ತೇನೆ. 92ರಿಂದ 78 ಎಂದರೆ ಶೇ 15ರ ಇಳಿಕೆ. ರಕ್ತದೊತ್ತಡ, ಸಕ್ಕರೆ ಸುಧಾರಿಸಲು ಶೇ 5ರಿಂದ 10 ಸಾಕಾಗುತ್ತದೆ; 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಶೇ 7ರ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆಯ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವುದು ಶೇ 58ರಷ್ಟು ಕಡಿಮೆಯಾಗಿತ್ತು. ಐದು ತಿಂಗಳು ಆ ತೂಕವನ್ನು ಏರಗೊಡದೆ ಕಾಯ್ದುಕೊಂಡಿರುವುದನ್ನು ನಾನು ಚಿಕಿತ್ಸೆಯ ಯಶಸ್ಸೆಂದೇ ಬರೆದುಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರ ಮರುಬರಹ, ಐದು ವಾರಗಳ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಟಿಎಸ್‌ಎಚ್ ಸರಿಯಾಗಿದೆ, ಔಷಧಿ ಯಾವುದೂ ಇಲ್ಲ. ಎರಡು ವಾರ ತೂಗಿ ಬರೆದಾಗ ಬಂದ ಸರಾಸರಿ 1830. ಮೊದಲ ಉತ್ತರ ಬರೆದವರ ಲೆಕ್ಕಕ್ಕೆ ಅದು ಅಷ್ಟು ಹತ್ತಿರವಿದ್ದದ್ದನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಎಣ್ಣೆಯ ಬಾಟಲಿಯನ್ನು ಅಡುಗೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಗಿದೆ. ನನ್ನೊಬ್ಬಳ ಪಾಲಿಗೆ ದಿನಕ್ಕೆ 18 ಗ್ರಾಂ ಎಂದು ಬರೆದುಕೊಳ್ಳುತ್ತಿದ್ದದ್ದು ನಿಜವಾಗಿ 34 ಗ್ರಾಂ ಇತ್ತು. ಅಲ್ಲಿಯೇ 144 ಕ್ಯಾಲೊರಿ. ಉಳಿದದ್ದು ಉಪ್ಪು ಖಾರ ನೋಡಲೆಂದು ಬಾಯಿಗೆ ಹಾಕಿಕೊಂಡದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಸಂಜೆ ಡಬ್ಬಿಯಿಂದ ತೆಗೆದ ಒಂದು ಹಿಡಿ ಬೀಜಗಳು. ಇವು ಯಾವುವೂ ನನ್ನ ಪುಸ್ತಕದಲ್ಲಿ ಇರಲಿಲ್ಲ, ಮೊದಲ ತಿಂಗಳುಗಳಲ್ಲಿ ಇವನ್ನೂ ಬರೆಯುತ್ತಿದ್ದೆ ಎಂಬುದು ಹಳೆಯ ಪುಟಗಳನ್ನು ತಿರುವಿದಾಗ ತಿಳಿಯಿತು.

ಕಳೆದ ಮೂರು ವಾರಗಳಿಂದ 1630ರಲ್ಲಿ ಇದ್ದೇನೆ, ಪ್ರೊಟೀನ್ 60 ಗ್ರಾಂನಿಂದ 90ಕ್ಕೆ ಏರಿದೆ, ವಾರಕ್ಕೆ ಎರಡು ದಿನ ಭಾರದ ಅಭ್ಯಾಸ ಸೇರಿದೆ. ಅದನ್ನು ಶುರುಮಾಡಿದ ವಾರ ತೂಕ 600 ಗ್ರಾಂ ಏರಿದಾಗ ಗಾಬರಿಯಾಗಿತ್ತು. ಈ ವಾರದ ಏಳು ದಿನಗಳ ಸರಾಸರಿ 77.4. ರಾತ್ರಿಯ ಹಸಿವು ಹೋಗಿಲ್ಲ, ಆದರೆ ಅದರ ಹೆಸರು ಗೊತ್ತಾದ ಮೇಲೆ ಅದರೊಡನೆ ಜಗಳವಾಡುವುದನ್ನು ಬಿಟ್ಟಿದ್ದೇನೆ. ಆ ಹೊತ್ತಿಗೆಂದೇ 150 ಕ್ಯಾಲೊರಿ ತೆಗೆದಿಟ್ಟು, ತೂಗಿ, ಬರೆದು, ಕೂತು ತಿನ್ನುತ್ತೇನೆ.

ಮೊದಲ ಉತ್ತರ ಬರೆದವರಿಂದ

ಆ 600 ಗ್ರಾಂ ಹೊಸ ಅಭ್ಯಾಸಕ್ಕೆ ಸ್ನಾಯುಗಳು ಹಿಡಿದುಕೊಂಡ ನೀರು. ಸ್ನಾಯುವಿನಲ್ಲಿ ಸಕ್ಕರೆ ಶೇಖರವಾಗುವ ರೂಪವಾದ ಗ್ಲೈಕೋಜನ್‌ನ ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ದಣಿದ ಸ್ನಾಯು ಊದಿಕೊಳ್ಳುವುದೂ ಉಂಟು. ಭಾರ ಹೆಚ್ಚಿಸಿದಾಗಲೆಲ್ಲ ಇದು ಮತ್ತೆ ಕಾಣಿಸಬಹುದು. ಆ ವಾರದ ಅಂಕಿಯನ್ನು ನೋಡಿ ಊಟಕ್ಕೆ ಕತ್ತರಿ ಹಾಕಬೇಡಿ, ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಿ.