ಬಚ್ಚಲ ಹತ್ತಿರದ ಕಲ್ಲು

ಬೊಂಬಾಯಿ ಭಾವ: (ಫಾರ್ವರ್ಡ್) ನಮ್ಮ ಉಡುಪಿ ಜಿಲ್ಲೆಯ ಶಾಸನ, ವೀರಗಲ್ಲು ಎಲ್ಲಾ ಕದ್ದು ಫಾರಿನ್ನಿಗೆ ಮಾರ್ತಿದ್ದಾರೆ!! ಹತ್ತು ಜನರಿಗೆ ಕಳಿಸಿ 🙏

ದೊಡ್ಡಪ್ಪ: ಹೆದರಿಕೆ ಇಲ್ಲದ ಕಾಲ. ನಾವು ಸಣ್ಣದಿರುವಾಗ ಅಕ್ಷರ ಇದ್ದ ಕಲ್ಲು ದಾಟ್ತಿರಲಿಲ್ಲ. ಈಗಿನ ಮಕ್ಕಳಿಗೆ ಮೊಬೈಲ್ ಒಂದಿದ್ರೆ ಸಾಕು.

ಪುಟ್ಟಣ್ಣ: ಭಾವ, ಯಾವ ಊರು, ಯಾವ ದಿನ, ಕಂಪ್ಲೇಂಟ್ ಆಗಿದೆಯಾ, ಒಂದೂ ಇಲ್ಲ ಇದರಲ್ಲಿ. ಫೋಟೋ ದೊಡ್ಡದು ಮಾಡಿ ನೋಡಿ, ಅದರಲ್ಲಿ ಇರುವುದು ತಮಿಳು ಅಕ್ಷರ.

ಬೊಂಬಾಯಿ ಭಾವ: ನಿನಗೆ ಎಲ್ಲದಕ್ಕೂ ಪ್ರೂಫ್ ಬೇಕು. ಅಜ್ಜಿ ಆಸ್ಪತ್ರೆಯಲ್ಲಿ ಮಲಗಿರುವಾಗ ಬಿಲ್ ತೋರಿಸಿ ಅಂದವ ನೀನೇ ಅಲ್ವಾ.

ಪುಟ್ಟಣ್ಣ: ಅದು ಈಗ ಎಂತಕ್ಕೆ ಮಾರಾಯ್ರೆ

ಅಮೆರಿಕದ ಅಕ್ಕ: ಇಲ್ಲೂ ಉಂಟು ಇದು. 2024ರ ಜನವರಿಯಲ್ಲಿ ವಿಚಿಟಾ ಊರಲ್ಲಿ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್ ಅವರ ಕಂಚಿನ ಪ್ರತಿಮೆ ಕಾಲಿನ ಗಂಟಿನ ಹತ್ತಿರ ಕೊಯ್ದು ಒಯ್ದರು, ಗುಜರಿ ದುಡ್ಡಿಗೆ. ಶೂ ಮಾತ್ರ ಉಳಿದದ್ದು.

ಸಣ್ಣಕ್ಕ: ಬಾರ್ಕೂರಿಗೆ ಹೋದದ್ದು ನೆನಪುಂಟಾ ಎಲ್ಲರಿಗೂ? ಕತ್ತಲೆ ಬಸದಿ ಹತ್ತಿರ ಕಣ್ಣಾಮುಚ್ಚಾಲೆ, ಮತ್ತೆ ಮನೆಗೆ ಬಂದು ಬಾವಿಕಟ್ಟೆ ಪುನರ್ಪುಳಿ ಮರದ ಹಣ್ಣಿನ ಶರಬತ್ತು 😍 ಆ ರುಚಿ ಈಗ ಎಲ್ಲಿ ಸಿಗ್ತದೆ

ನಾನು: ಫಾರ್ವರ್ಡ್ ಸುಳ್ಳಿರಬಹುದು, ಆದ್ರೆ ಕಲ್ಲು ಹೋಗುವುದು ಸುಳ್ಳಲ್ಲ ಭಾವ. ನೂರು ವರ್ಷ ಮೀರಿದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸ್ಲಿಕ್ಕೆ ಇಲ್ಲ ಅಂತ 1972ರದ್ದೇ ಕಾನೂನು ಉಂಟು, ಆದ್ರೆ ಗದ್ದೆ ಬದುವಿನ ಕಲ್ಲು ಜೆಸಿಬಿ ಬಕೆಟಿಗೆ ಹೋಗುವಾಗ ಅದನ್ನು ಯಾರು ನೋಡ್ತಾರೆ? ಮಂಗಳೂರು ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಬರಹ ಇದ್ದದ್ದಕ್ಕೇ ಅದು ಕ್ರಿ.ಶ. 968ರದ್ದು, ಆಳುಪರ ರಾಜ ಕುಂದವರ್ಮನ ಕಾಲದ್ದು ಅಂತ ಗೊತ್ತಾದದ್ದು, ಆ ಬರಹ ಸವೆದು ಹೋಗಿದ್ರೆ ಎಂತ ಹೇಳ್ತಿದ್ದೆವು ನಾವು? ಬಾರ್ಕೂರಿನ ಶಾಸನಗಳ ಪಡಿಯಚ್ಚು, ಅಂದ್ರೆ ಕಲ್ಲಿಗೆ ಕಾಗದ ಒತ್ತಿ ಅಕ್ಷರದ ಅಚ್ಚು, ತೆಗೆದು ಪುಸ್ತಕದಲ್ಲಿ ಹಾಕಿದ್ದಾರೆ, ಕಲ್ಲು ಹೋದ್ರೂ ಓದಬಹುದು. ಯಾರೂ ಪಡಿಯಚ್ಚು ತೆಗೆಯದ ಕಲ್ಲು ಹೋದ್ರೆ ಅದರ ಮಾತೂ ಹೋಯ್ತು. ನಮ್ಮ ಬಚ್ಚಲ ಹತ್ತಿರ ಒಂದಿತ್ತಲ್ಲ, ಮೇಲೆ ಸೂರ್ಯ ಚಂದ್ರ ಇದ್ದದ್ದು, ಅದೆಲ್ಲಿ?

ಪುಟ್ಟಣ್ಣ: ಅದು ಶಾಸನ ಅಂತ ಯಾರು ಹೇಳಿದ್ದು?

ದೊಡ್ಡತ್ತೆ: ಅಕ್ಷರ ಇತ್ತು ಮಗಾ. ಬಟ್ಟೆ ಒಗೆಯುವಾಗ ಕಾಲು ತಾಗ್ತದೆ ಅಂತ ಅಪ್ಪಯ್ಯನೇ ನಾಲ್ಕು ಆಳು ಕರೆಸಿ ಬರಹ ಕೆಳಗೆ ಮಾಡಿ ಹಾಕಿಸಿದ್ದು. ಮತ್ತೆ ಅಣ್ಣ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ, ನಾನು ಬೇಡ ಅಂದೆ. ಹೆಣ್ಣುಮಕ್ಕಳ ಮಾತು ಕೇಳ್ತಾರಾ ಈ ಮನೆಯಲ್ಲಿ.

ದೊಡ್ಡಪ್ಪ: ನಾನೊಬ್ಬನೇ ಹಾಕಿಸಿದ್ದಲ್ಲ. ಬೊಂಬಾಯಿಯಿಂದ ಅರ್ಧ ದುಡ್ಡು ಬಂದಿದೆ.

ಬೊಂಬಾಯಿ ಭಾವ: ದುಡ್ಡು ಕೊಟ್ಟದ್ದೂ ತಪ್ಪಾ ಈಗ? ಪಾಲಾಗುವಾಗ ಆ ಅಂಗಳ ಯಾರಿಗೆ ಹೋಯ್ತು ಅದನ್ನೂ ಹೇಳಿ.

ಸಣ್ಣಕ್ಕ: ಜಗಳ ಬೇಡ ಪ್ಲೀಸ್ 🙏

ನಾನು: ಅಂದ್ರೆ ಯಾರೂ ಒಯ್ಯಲಿಲ್ಲ, ಕಾಂಕ್ರೀಟಿನ ಅಡಿಯಲ್ಲೇ ಉಂಟಾ?! ಕೆಳಮುಖ ಇದ್ದದ್ದಕ್ಕೆ ಅಕ್ಷರ ಉಳಿದಿರ್ಲಿಕ್ಕೂ ಸಾಕು. ಭಾನುವಾರ ನಾನು ಬರ್ತೇನೆ, ಒಡೆಯುವ ಖರ್ಚು ನನ್ನದು. ಅತ್ತೆ, ಸರಿಯಾಗಿ ಎಲ್ಲಿ? ಕೊಟ್ಟಿಗೆ ಬದಿಗಾ ಬಾವಿ ಬದಿಗಾ?

ದೊಡ್ಡತ್ತೆ: ಬಾವಿ ಬದಿಗೆ. ಪುನರ್ಪುಳಿ ಮರದಿಂದ ಮೂರು ಹೆಜ್ಜೆ. ಆದ್ರೆ ಮರ ಈಗ ಇಲ್ವಲ್ಲ ಮಗಾ.