ಬ್ಲೋವರ್ ನಾಲ್ಕರಲ್ಲಿ ಮಾತ್ರ ತಿರುಗುತ್ತೆ, ಮೋಟರ್ ಬದಲಿಸಬೇಕಾ?

ಸಕಲೇಶಪುರದಿಂದ ಪ್ರಶ್ನೆ:
ನಮ್ಮ ಹಳೇ ಹ್ಯಾಚ್‌ಬ್ಯಾಕಿನ ಬ್ಲೋವರ್ (ಎಸಿ, ಹೀಟರಿನ ಗಾಳಿ ಊದುವ ಫ್ಯಾನು) 1, 2, 3ನೇ ವೇಗದಲ್ಲಿ ಉಸಿರೇ ಎತ್ತಲ್ಲ, 4ಕ್ಕೆ ಹಾಕಿದರೆ ಮಾತ್ರ ಬಿರುಗಾಳಿ. ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಗಾಜು ಮಬ್ಬಾಗುತ್ತೆ, ನಾಲ್ಕರಲ್ಲೇ ಇಟ್ಟರೆ ಮಕ್ಕಳು ಚಳಿ ಅಂತ ಗೋಳಾಡ್ತಾರೆ. ಗ್ಯಾರೇಜಿನವರು ಮೋಟರ್ ಸಮೇತ ಪೂರ್ತಿ ಸೆಟ್ ಹೊಸದು ಹಾಕೋಣ ಅಂತಿದ್ದಾರೆ. ಇದೇ ತೊಂದರೆ ಬಂದವರು ಏನು ಮಾಡಿದಿರಿ?

ಮೈಸೂರು:
ನಾಲ್ಕರಲ್ಲಿ ಜೋರಾಗಿ ತಿರುಗುತ್ತೆ ಅಂದಮೇಲೆ ಮೋಟರ್ ಸತ್ತಿಲ್ಲ. ಸತ್ತಿರೋದು ಬ್ಲೋವರ್ ರೆಸಿಸ್ಟರ್, ಅಂದರೆ ಕರೆಂಟು ತಗ್ಗಿಸಿ ವೇಗ ಇಳಿಸುವ ಭಾಗ. ಕಡಿಮೆ ವೇಗಗಳಲ್ಲಿ ಕರೆಂಟು ಅದರ ಸುರುಳಿಗಳ ಮೂಲಕ ಹಾದು ಮೋಟರಿಗೆ ಹೋಗುತ್ತೆ, ನಾಲ್ಕರಲ್ಲಿ ಅದನ್ನು ಬಿಟ್ಟು ನೇರವಾಗಿ ಹೋಗುತ್ತೆ. ರೆಸಿಸ್ಟರ್ ಮೇಲೆ ಬಿಸಿ ಮೀರಿದರೆ ಕಡಿದುಕೊಳ್ಳುವ ಚಿಕ್ಕ ಥರ್ಮಲ್ ಫ್ಯೂಸ್ ಇರುತ್ತೆ. ಅದು ಹೋದರೆ ಮೂರೂ ವೇಗ ಒಟ್ಟಿಗೇ ಹೋಗ್ತವೆ, ನಿಮಗಾಗಿರೋದು ಅದೇ ಇರಬೇಕು. ಒಂದೇ ಒಂದು ವೇಗ ಸತ್ತಿದ್ದರೆ ಸುರುಳಿಯನ್ನೋ ಸ್ವಿಚ್ಚನ್ನೋ ಅನುಮಾನಿಸಬಹುದಿತ್ತು.

ಹೆಚ್ಚಿನ ಗಾಡಿಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆ, ಗಾಳಿ ಹಾಯುವ ಕೊಳವೆಗೆ ಸ್ಕ್ರೂ ಹಾಕಿ ಕೂರಿಸಿರುತ್ತೆ. ಅದು ತಣ್ಣಗಾಗೋದೇ ಬ್ಲೋವರ್ ಗಾಳಿಯಿಂದ, ಅದಕ್ಕೇ ಆ ಜಾಗ. ಬೆಲೆ ನೂರರ ಲೆಕ್ಕದಲ್ಲಿ, ಮೋಟರ್ ಸೆಟ್ಟಿನದು ಸಾವಿರದ ಲೆಕ್ಕದಲ್ಲಿ. ಥರ್ಮಲ್ ಫ್ಯೂಸ್ ಜಾಗದಲ್ಲಿ ತಂತಿ ಬೆಸೆದು ‘ಸರಿಮಾಡಿಕೊಡ್ತೀನಿ’ ಅನ್ನೋರಿದ್ದಾರೆ, ಒಪ್ಪಬೇಡಿ. ಬೆಂಕಿ ಹತ್ತಬಾರದು ಅಂತಲೇ ಅದನ್ನು ಇಟ್ಟಿರೋದು.

ಹುಬ್ಬಳ್ಳಿ:
ರೆಸಿಸ್ಟರ್ ಒಂದ ಬದಲಿ ಮಾಡಿ ಬಿಟ್ರ ಸಾಲೂದಿಲ್ರೀ. ಅದರ ಕನೆಕ್ಟರ್ ಬಿಚ್ಚಿ ನೋಡ್ರಿ, ನಮ್ಮ ಗಾಡ್ಯಾಗ ಪ್ಲಾಸ್ಟಿಕ್ ಕಂದು ಬಣ್ಣಕ್ಕ ತಿರುಗಿ ಕರಗಿತ್ತು. ಪಿನ್ನು ಸಡಿಲ ಆದ್ರ ಅಲ್ಲೇ ಬಿಸಿ ಹುಟ್ಟತೈತಿ, ಹೊಸಾದೂ ಸುಡತೈತಿ. ಕನೆಕ್ಟರ್ ತಂತಿ ಸಮೇತ ಬ್ಯಾರೆ ಸಿಗತೈತಿ, ಅದನ್ನೂ ಹಾಕಸ್ರಿ.

ತೀರ್ಥಹಳ್ಳಿ:
ಸುಟ್ಟಿದ್ದು ಯಾಕೆ ಅಂತಲೂ ಹುಡುಕಿ. ಮಲೆನಾಡಲ್ಲಿ ಗಾಡಿ ಮರದಡಿ ನಿಲ್ಲುತ್ತೆ. ವೈಪರ್ ಬುಡದ ಜಾಲರಿಯಿಂದ ಎಲೆ, ಹೂವು ಒಳಗಿಳಿದು, ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಮೇಲೆ ಕೊಳೆಯುತ್ತೆ. ನನ್ನದರಲ್ಲಿ ಇಲಿ ಹತ್ತಿ ತಂದು ಹಾಸಿಗೆಯನ್ನೇ ಮಾಡಿಕೊಂಡಿತ್ತು, ಬಾಣಂತನಕ್ಕೆ ಬಂದಿತ್ತೋ ಏನೋ. ಫಿಲ್ಟರ್ ಕಟ್ಟಿದರೆ ರೆಸಿಸ್ಟರಿಗೆ ಗಾಳಿ ಸಾಲಲ್ಲ. ಕೆಲವು ಹಳೇ ಗಾಡಿಗಳಿಗೆ ಕಂಪನಿ ಫಿಲ್ಟರನ್ನೇ ಕೊಟ್ಟಿರಲ್ಲ, ಆಗ ಕಸ ನೇರ ಫ್ಯಾನಿನ ಚಕ್ರಕ್ಕೆ. ಸ್ಕ್ರೂ ಬಿಚ್ಚಿ ಮೋಟರ್ ಕೆಳಗಿಳಿಸಿ, ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ, ಕೊರಕೊರ ಅಂದರೆ, ಬೇರಿಂಗ್ ಒಣಗಿದೆ. ಅಂಥ ಮೋಟರ್ ಕರೆಂಟು ಹೆಚ್ಚು ಎಳೆಯುತ್ತೆ, ಆಗ ಮಾತ್ರ ಗ್ಯಾರೇಜಿನವರು ಹೇಳಿದ್ದು ಸರಿ.

ಬೆಂಗಳೂರು:
ಮೀಟರ್ ಇದ್ದವರಿಗೆ ಎರಡು ಮಾತು. ಅನೇಕ ಗಾಡಿಗಳಲ್ಲಿ ಮೋಟರಿಗೆ ಪ್ಲಸ್ ಯಾವಾಗಲೂ ಬರುತ್ತೆ, ಸ್ವಿಚ್ಚೂ ರೆಸಿಸ್ಟರೂ ಅರ್ಥ್ (ಮೈನಸ್) ಕಡೆ ಇರ್ತವೆ. ಮೀಟರಿನ ಒಂದು ಕಡ್ಡಿ ಗಾಡಿಯ ಲೋಹದ ಮೈಗೆ, ಒಂದು ಮೋಟರಿನ ಪ್ಲಸ್ಸಿಗೆ ಹಿಡಿದರೆ ಎಲ್ಲ ವೇಗದಲ್ಲೂ 12 ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತೆ. ಎರಡು ಕಡ್ಡಿಯನ್ನೂ ಮೋಟರಿನ ಎರಡು ತಂತಿಗೇ ಹಿಡಿಯಿರಿ, ಕನೆಕ್ಟರ್ ಕಳಚದೆ. ಇನ್ನೊಂದು, ಕರೆಂಟು ಅಳೆಯಲು ಸಾಮಾನ್ಯ ಮಲ್ಟಿಮೀಟರನ್ನು ನಡುವೆ ಸೇರಿಸಬೇಡಿ. ಅದರ ಮಿತಿ 10 ಆಂಪಿಯರ್, ಬ್ಲೋವರ್ ಪೂರ್ತಿ ವೇಗದಲ್ಲಿ ಅದನ್ನು ಸುಲಭವಾಗಿ ದಾಟುತ್ತೆ. ಡಿಸಿ ಅಳೆಯುವ, ತಂತಿಯ ಸುತ್ತ ಹಿಡಿಯುವ ಕ್ಲ್ಯಾಂಪ್ ಮೀಟರ್ ಬೇಕು.

ಬಿಚ್ಚುವ ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು.

ಮಂಗಳೂರು:
ನಮ್ಮದು ನಾಲ್ಕರಲ್ಲಿಯೂ ನಿಂತಿತ್ತು ಮಾರಾಯ್ರೆ. ಫ್ಯೂಸ್ ಸರಿ, ರಿಲೇ ಸರಿ. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿಗೆ ಮೆಲ್ಲ ಒಂದು ತಟ್ಟಿದ, ತಿರುಗಿತು! ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿದೆ ಎಂದ. ತಟ್ಟಿದರೆ ಓಡುವ ಮೋಟರಿಗೆ ಹೆಚ್ಚು ದಿನ ಇಲ್ಲ, ಬದಲಿಸಿಯೇ ಬಿಟ್ಟೆವು. ಅಂದ ಹಾಗೆ ಫ್ಯೂಸ್ ಮತ್ತೆ ಮತ್ತೆ ಹೋಗುವುದಾದರೆ ದೊಡ್ಡದು ಹಾಕುವ ಬುದ್ಧಿ ಬೇಡ, ತಂತಿ ಸುಡುತ್ತದೆ.

ಬೆಳಗಾವಿ:
ಆಟೋ ಕ್ಲೈಮೇಟ್ (ತಾಪ ತಾನೇ ಹೊಂದಿಸಿಕೊಳ್ಳುವ ಎಸಿ) ಇರುವ ಗಾಡಿಯವರು ಈ ಲೆಕ್ಕ ಹಿಡಿಯಬೇಡಿ. ಸಾಮಾನ್ಯವಾಗಿ ಅವುಗಳಲ್ಲಿ ರೆಸಿಸ್ಟರ್ ಇರಲ್ಲ, ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತೆ. ಅದು ಕೆಟ್ಟರೆ ಕೆಲವೊಮ್ಮೆ ಫ್ಯಾನ್ ನಿಲ್ಲೋದೇ ಇಲ್ಲ.

ಟೊರಾಂಟೊ:
ಇಲ್ಲಿ ಚಳಿಗಾಲದಲ್ಲಿ ಬ್ಲೋವರ್ ಇಲ್ಲದೆ ಗಾಡಿ ತೆಗೆಯುವ ಹಾಗೇ ಇಲ್ಲ, ಗಾಜಿನ ಒಳಗೂ ಹಿಮ ಕಟ್ಟುತ್ತೆ. ವೈಪರ್ ಬುಡದ ಹಿಮ ಗುಡಿಸದೆ ಸ್ಟಾರ್ಟ್ ಮಾಡಿದರೆ ಫ್ಯಾನು ಅದನ್ನೂ ಒಳಗೆಳೆಯುತ್ತೆ. ನಿಮಗೆ ಎಲೆ, ನಮಗೆ ಹಿಮ.

ಚಿಕ್ಕಮಗಳೂರು:
ನಾನು ಓಡಾಡೋದೂ ಘಾಟಿಯಲ್ಲೇ. ಭಾಗ ಸಿಗೋವರೆಗೆ ಹೀಗೆ ಮಾಡಿ: ಎಸಿ ಆನ್ ಇರಲಿ, ಬಿಸಿಯ ಗುಂಡಿ ಕೆಂಪಿನ ಕಡೆ ತಿರುಗಿಸಿ, ಗಾಳಿ ಗಾಜಿಗೆ ಬಿಡಿ, ಹೊರಗಿನ ಗಾಳಿ ಬರುವ ಹಾಗೆ ಇಡಿ. ಎಸಿ ಗಾಳಿಯ ತೇವ ತೆಗೆಯುತ್ತೆ, ಹೀಟರ್ ಅದನ್ನು ಬೆಚ್ಚಗೆ ಮಾಡುತ್ತೆ. ಎರಡನ್ನೂ ಒಟ್ಟಿಗೆ ಹಾಕಬಾರದು ಅಂತ ಬಹಳ ಜನ ತಿಳಿದಿದ್ದಾರೆ, ಏನೂ ಆಗಲ್ಲ. ಹೀಟರಿನ ಬಿಸಿ ಹೇಗೂ ಎಂಜಿನ್ ನೀರಿನದೇ. ಮಕ್ಕಳಿಗೆ ಚಳಿಯೂ ಆಗಲ್ಲ.

ಮೈಸೂರು, ಮತ್ತೆ:
ಹೊಸ ರೆಸಿಸ್ಟರ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಒಂದೇ ಮಾದರಿಯ ಗಾಡಿಯಲ್ಲೂ ವರ್ಷ ಬದಲಾದರೆ ಪಿನ್ನಿನ ಜೋಡಣೆ ಬೇರೆ ಇರಬಹುದು.