‘ನೆಟ್‌ವರ್ಕ್’, ‘ಸ್ವಿಚ್’, ‘ಫೈಬರ್’: ಮನೆ ಕಟ್ಟಿಸುವಾಗ ಎದುರಾದ ಪದಗಳು

ಮಾನ್ಯರೆ,

ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ, ಹಳೆಯ ಮನೆಯ ಜಾಗದಲ್ಲಿಯೇ ಹೊಸ ಮನೆ ಕಟ್ಟಿಸುತ್ತಿದ್ದೇನೆ. ಅಲ್ಲಿಂದ ಸುಮಾರು 30 ಮಾರು ಆಚೆ, ತೋಟಕ್ಕಿಳಿಯುವ ದಾರಿಯ ಮಗ್ಗುಲಲ್ಲಿ, ಅಡಿಕೆ ಸುಲಿಯುವುದಕ್ಕೂ ಬೇಯಿಸುವುದಕ್ಕೂ ಬಳಸುವ ಇನ್ನೊಂದು ಕಟ್ಟಡವಿದ್ದು, ಅದರ ಒಂದು ಕೋಣೆಯನ್ನು ನನ್ನ ಕಚೇರಿ ಕೆಲಸಕ್ಕೆ ಇಟ್ಟುಕೊಳ್ಳುವ ಯೋಚನೆಯಿದೆ. ಎರಡೂ ಕಡೆಗೆ ಇಂಟರ್ನೆಟ್ ಒಯ್ಯುವ ಕೇಬಲ್ಲುಗಳು ಗೋಡೆಯೊಳಗೂ ನೆಲದಡಿಯೂ ಹೋಗಬೇಕಾದ್ದರಿಂದ, ಗಾರೆ ಕೆಲಸಕ್ಕೆ ಮೊದಲೇ ಮೇಸ್ತ್ರಿಗೂ ವೈರಿಂಗ್‌ನವರಿಗೂ ಕೊಡಲೆಂದು ಎರಡು ಪುಟದ ಟಿಪ್ಪಣಿಯೊಂದನ್ನು ಕನ್ನಡದಲ್ಲಿ ಬರೆದೆ. ನಾನು ಬರೆದದ್ದು ಒಂದು, ಅವರು ಓದಿಕೊಂಡದ್ದು ಇನ್ನೊಂದು ಆದ ಕಾರಣ ಈ ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಟಿಪ್ಪಣಿಯ ಒಂದು ಸಾಲು ಹೀಗಿತ್ತು: ‘ಮೆಟ್ಟಿಲ ಕೆಳಗೆ 1 ಸ್ವಿಚ್, 8 ಪೋರ್ಟಿನದು.’ (ಪೋರ್ಟು ಎಂದರೆ ಕೇಬಲ್ಲು ಸಿಕ್ಕಿಸುವ ಕಿಂಡಿ.) ಮರುವಾರ ಹೋಗಿ ನೋಡಿದರೆ, ಮೆಟ್ಟಿಲ ಕೆಳಗಿನ ಗೋಡೆಯನ್ನು ಅಚ್ಚುಕಟ್ಟಾಗಿ ಕೊರೆದು, 8 ಮಾಡ್ಯೂಲಿನ ತಗಡಿನ ಪೆಟ್ಟಿಗೆಯನ್ನು ಸಿಮೆಂಟಿನಲ್ಲಿ ಕೂರಿಸಿ, ಅದರ ಒಂದು ಮೂಲೆಗೆ ವೈರು ಎಳೆದು ತಂದು ಬಿಟ್ಟಿದ್ದರು. ‘ಇದು ಯಾವ ಲೈಟಿಂದು ಹೆಗಡೇರೆ?’ ಎಂದು ವೈರಿಂಗಿನ ಹುಡುಗ ನನ್ನನ್ನೇ ಕೇಳಿದ. ತಪ್ಪು ಅವನದಲ್ಲ. ಸ್ವಿಚ್ ಎಂಬುದು ಕನ್ನಡಕ್ಕೆ ಬಂದು ಎಷ್ಟೋ ಕಾಲವಾಗಿದೆ. ಅದು ಒತ್ತುವ, ದೀಪ ಹತ್ತಿಸುವ ಗುಂಡಿಯೆಂದೇ ಗಟ್ಟಿಯಾಗಿಬಿಟ್ಟಿದೆ. ಹಲವು ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆಗೂ ಅದೇ ಹೆಸರೆಂದು ಆತ ಊಹಿಸಬೇಕಾದ ಕಾರಣವೇ ಇರಲಿಲ್ಲ.

ಈ ಪೆಟ್ಟಿಗೆಗೆ ನಾನು ಮೊದಲು ಯೋಚಿಸಿದ್ದು ‘ಕವಲುಪೆಟ್ಟಿಗೆ’ ಎಂದು. ತೋಟಕ್ಕೆ ನೀರು ಬಿಡುವ ಪೈಪು ಕವಲೊಡೆಯುವುದನ್ನು ದಿನವೂ ನೋಡುವವರಿಗೆ ಅದು ಒಡನೆಯೇ ತಿಳಿಯುತ್ತದೆ. ಆದರೆ ಕವಲಿನಲ್ಲಿ ನೀರು ಎಲ್ಲ ಕಡೆಗೂ ಹರಿಯುತ್ತದೆ. ಹಿಂದೆ ಬಳಕೆಯಲ್ಲಿದ್ದ ‘ಹಬ್’ ಎಂಬ ಪೆಟ್ಟಿಗೆ ಮಾಡುತ್ತಿದ್ದದ್ದು ಅದನ್ನೇ, ಒಂದು ಕಡೆಯಿಂದ ಬಂದದ್ದನ್ನು ಉಳಿದ ಎಲ್ಲ ಕಡೆಗೂ ಕಳಿಸುವುದು. ಸ್ವಿಚ್ ಹಾಗಲ್ಲ, ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡು, ವಿಳಾಸ ನೋಡಿ, ಸೇರಬೇಕಾದ ಕಡೆಗೆ ಮಾತ್ರ ಕಳಿಸುತ್ತದೆ. ಅಂಚೆಯವರ ಮಾತಿನಲ್ಲಿ ಇದಕ್ಕೆ ‘ಬಟವಾಡೆ’ ಎಂಬ ಒಳ್ಳೆಯ ಪದವಿದೆ. ‘ಬಟವಾಡೆ ಪೆಟ್ಟಿಗೆ’ ಎಂದರೆ ಅರ್ಥ ಕರಾರುವಾಕ್ಕಾಗಿ ಕೂಡುತ್ತದೆಂದು ನನಗೆ ಅನ್ನಿಸುತ್ತದೆ, ಆದರೆ ಸಂಬಳ ಹಂಚುವ ಪೆಟ್ಟಿಗೆಯೇ ಎಂದು ನಮ್ಮ ಮನೆಯಲ್ಲಿ ಆಗಲೇ ನಕ್ಕಿದ್ದಾರೆ. (ಮನೆಗೆ ಇಂಟರ್ನೆಟ್ ಹಂಚುವ ‘ರೂಟರ್’ನ ಹೆಸರಿನದೇ ಒಂದು ಯಂತ್ರ ಬಡಗಿಯ ಬಳಿಯೂ ಇದೆ, ಮರದ ಅಂಚಿಗೆ ಗೆರೆ ತೆಗೆಯುವುದು. ಆ ಪದದಿಂದ ಮಾತ್ರ ಯಾವ ಗೊಂದಲವೂ ಆಗಲಿಲ್ಲ.)

‘ನೆಟ್‌ವರ್ಕ್’ ಎಂಬ ಪದದ ಕಥೆ ಇನ್ನೊಂದು ಬಗೆಯದು. ನಮ್ಮ ಕಡೆ ‘ನೆಟ್‌ವರ್ಕ್ ಇಲ್ಲ’, ‘ಗುಡ್ಡ ಹತ್ತಿದರೆ ನೆಟ್‌ವರ್ಕ್ ಸಿಗುತ್ತದೆ’ ಎನ್ನುವಾಗ ಅದು ಗಾಳಿಯಲ್ಲಿ ಬರುವ, ಸಿಕ್ಕರೆ ಸಿಕ್ಕಿತು ಎನ್ನುವಂಥ ವಸ್ತು. ‘ನೆಟ್‌ವರ್ಕಿಗೆ ಪ್ರತಿ ಕೋಣೆಗೂ ಪೈಪು ಹಾಕಬೇಕು’ ಎಂದು ಬರೆದದ್ದನ್ನು ಓದಿ ಮೇಸ್ತ್ರಿ, ‘ನೆಟ್‌ವರ್ಕಿಗೆ ಪೈಪು ಯಾಕೆ, ಟವರು ಹಾಕಿಸಿದರೆ ಆಯ್ತಲ್ಲ’ ಎಂದರು. ದಪ್ಪನೆಯ ಜಂಬಿಟ್ಟಿಗೆ ಗೋಡೆಗಳನ್ನು ದಾಟುವಾಗ ವೈಫೈ ಸೊರಗುತ್ತದೆ, 2.4 ಗಿಗಾಹರ್ಟ್ಸ್‌ಗಿಂತ 5 ಗಿಗಾಹರ್ಟ್ಸ್‌ನದು ಇನ್ನೂ ಬೇಗ ಸೊರಗುತ್ತದೆ, ಆದ್ದರಿಂದ ಕೇಬಲ್ಲು ಬೇಕು ಎಂದು ವಿವರಿಸಿದ ಮೇಲೆ ಒಪ್ಪಿದರು.

ಹಾಗಾದರೆ ‘ಜಾಲ’ ಎನ್ನಬಹುದೇ? ರಸ್ತೆ ಜಾಲ, ರೈಲು ಜಾಲ, ಅಂತರಜಾಲ ಇವೆಲ್ಲ ನಮ್ಮ ಕಿವಿಗೆ ಒಗ್ಗಿವೆ. ಆದರೆ ಅದೇ ಜಾಲ ಚಿಕ್ಕದಾಗಿ ಒಂದು ಮನೆಯೊಳಗೆ ಬಂದರೆ, ಪತ್ರಿಕೆಗಳಲ್ಲಿ ದಿನವೂ ಓದುವ ಕಳ್ಳಸಾಗಣೆ ಜಾಲ, ವಂಚನೆಯ ಜಾಲಗಳ ನೆರಳು ಅದರ ಮೇಲೆ ಬೀಳುತ್ತದೆ. ‘ನಮ್ಮ ಮನೆಯ ಜಾಲ’ ಎಂದು ಹೇಳಿಕೊಳ್ಳಲು ನಾನಂತೂ ಹಿಂಜರಿಯುತ್ತೇನೆ. ಹೊಯ್ಸಳರ ಗುಡಿಗಳ ಜಾಲಂಧ್ರವನ್ನು (ಕಿಂಡಿ ಕೊರೆದ ಕಲ್ಲಿನ ಕಿಟಕಿ) ನೆನೆದರೆ ಜಾಲಕ್ಕೆ ಚೆಲುವಾದ ಅರ್ಥವೂ ಇದೆ, ನಿಜ. ಇಷ್ಟು ಸಾಲದೆಂಬಂತೆ, ಪುತ್ತೂರಿನ ಕಡೆಯವಳಾದ ನನ್ನ ಹೆಂಡತಿಗೆ ‘ಜಾಲ್’ ಎಂದರೆ ಮೊದಲು ಕಾಣುವುದು ಅಂಗಳ, ತುಳುವಿನಲ್ಲಿ ಅದರ ಅರ್ಥವೇ ಅದು. ಅಂಗಳದಲ್ಲಿ ಅಡಿಕೆ ಒಣಗುತ್ತದೆ, ಇಂಟರ್ನೆಟ್ ಅಲ್ಲ ಎಂಬುದು ಅವಳ ತಕರಾರು.

ಮೂರನೆಯದು ‘ಫೈಬರ್’ (ಬೆಳಕಿನ ರೂಪದಲ್ಲಿ ಇಂಟರ್ನೆಟ್ ಒಯ್ಯುವ ಗಾಜಿನ ಎಳೆ), ನನ್ನ ಮುಖ್ಯ ಪ್ರಶ್ನೆ ಇದರದೇ. ಮನೆಗೂ ಆಚೆಯ ಕಟ್ಟಡಕ್ಕೂ ನಡುವಿನ 30 ಮಾರು, ಎಂದರೆ ಸುಮಾರು 180 ಅಡಿ, ತಾಮ್ರದ ಕೇಬಲ್ಲಿಗೆ ಹೆಚ್ಚೇನಲ್ಲ; ಅದರ ಮಿತಿ 100 ಮೀಟರ್, ಸುಮಾರು 328 ಅಡಿ. ತಾಮ್ರ ಬೇಡವೆಂದದ್ದು ದೂರಕ್ಕಲ್ಲ, ಸಿಡಿಲಿಗೆ. ಎರಡು ಕಟ್ಟಡಗಳ ಅರ್ತಿಂಗ್ ಗುಂಡಿಗಳು ಬೇರೆ ಬೇರೆ. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡರ ನಡುವೆ ಉಂಟಾಗುವ ವಿದ್ಯುತ್ ಅಂತರಕ್ಕೆ ತಾಮ್ರದ ಕೇಬಲ್ಲು ಸೇತುವೆಯಾಗಿ ಎರಡೂ ಕಡೆಯ ಪೆಟ್ಟಿಗೆಗಳನ್ನು ಸುಟ್ಟುಹಾಕಬಲ್ಲದು. ಏಪ್ರಿಲ್–ಮೇ ತಿಂಗಳ ಗುಡುಗು ಕೇಳಿದೊಡನೆ ಮೋಡೆಮ್ಮಿನ ಪಿನ್ನು ಕೀಳಲು ಓಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಜಿನಲ್ಲಿ ಹೋಗುವುದು ಬೆಳಕು, ಕರೆಂಟಲ್ಲ.

ನಾನು ‘ಫೈಬರಿಗೆ 1 ಪೈಪು, ಕರೆಂಟಿಗೆ ಬೇರೆ 1 ಪೈಪು’ ಎಂದು ಬರೆದಿದ್ದೆ. ಅಂಗಡಿಗೆ ಹೋದವರು ಅದನ್ನು ‘ಫೈಬರ್ ಪೈಪು’ ಎಂದು ಓದಿಕೊಂಡು, ಯಾವ ಫೈಬರ್ ಪೈಪೆಂದು ಅಲ್ಲಿಂದಲೇ ಫೋನ್ ಮಾಡಿದರು. ಬಚ್ಚಲಿಗೆ ಹಾಕುವ ಫೈಬರ್ ಬಾಗಿಲು, ಮಾಡಿಗೆ ಹೊದಿಸುವ ಫೈಬರ್ ಶೀಟು ಇವೇ ಆ ಪದದ ಬಳಕೆಯಾಗಿರುವಾಗ, ಫೈಬರ್ ಎಂದರೆ ಗಟ್ಟಿ ಪ್ಲಾಸ್ಟಿಕ್ ಎಂದಾಗುವುದು ಸಹಜವೇ. ಅದರೊಳಗೆ ಕೂದಲೆಳೆಯಷ್ಟು ಗಾಜಿದೆ ಎಂಬುದು ಪದದಲ್ಲಿ ಎಲ್ಲಿಯೂ ಇಲ್ಲ.

ಪಠ್ಯಗಳಲ್ಲಿ ‘ದ್ಯುತಿ ತಂತು’ ಎಂದು ಓದಿದ್ದೇನೆ. ಸರಿಯಾದ ಪದವೇ, ಆದರೆ ‘ತಂತು’ವನ್ನು ಕೈಬರಹದಲ್ಲಿ ‘ತಂತಿ’ ಎಂದು ಓದಿಕೊಳ್ಳಲು ಒಂದು ಕೊಂಬು ಮಸುಕಾದರೆ ಸಾಕು. ಎರಡೂ ಒಂದೇ ಮೂಲದವು. ಆದರೆ ಕನ್ನಡದಲ್ಲಿ ತಂತಿ ಲೋಹದ್ದು, ಬೇಲಿಯದು, ವೀಣೆಯದು. 2013ರ ಜುಲೈನಲ್ಲಿ ಸೇವೆ ನಿಲ್ಲುವವರೆಗೆ ಟೆಲಿಗ್ರಾಂ ಆಗಿ ಬರುತ್ತಿದ್ದ ಸುದ್ದಿಗೂ ‘ತಂತಿ’ ಎಂದೇ ಹೆಸರಿತ್ತು, ಏಕೆಂದರೆ ಅದು ಮೊದಲೆಲ್ಲ ಲೋಹದ ತಂತಿಯ ಮೇಲೆ ಓಡಿ ಬರುತ್ತಿತ್ತು. ಲೋಹವಿಲ್ಲ ಎಂಬುದೇ ಮುಖ್ಯವಾಗಿರುವಲ್ಲಿ ತಂತಿಯ ಸುಳಿವೂ ಬೇಡವೆಂಬುದು ನನ್ನ ಅಭಿಪ್ರಾಯ. ಹೀಗಾಗಿ ನಾನು ‘ಗಾಜಿನೆಳೆ’ ಎಂದು ಬರೆಯತೊಡಗಿದ್ದೇನೆ. ಇದರಲ್ಲಿಯೂ ಒಂದು ತೊಡಕಿದೆ: ಮನೆಗಳಿಗೆ ಎಳೆಯುವ ಇಂಥ ಕೇಬಲ್ಲುಗಳಲ್ಲಿ ಗಾಜಿನ ಜೊತೆಗೆ ಬಲಕ್ಕಾಗಿ ಉಕ್ಕಿನ ಸರಿಗೆ ಇರುವುದುಂಟು. ಆದ್ದರಿಂದ ‘ಲೋಹವಿಲ್ಲದ ಗಾಜಿನೆಳೆ ಕೇಬಲ್’ ಎಂದು ಉದ್ದಕ್ಕೆ ಬರೆಯಬೇಕಾಗುತ್ತದೆ.

ಆಚೆಯ ಕಟ್ಟಡವನ್ನು ಏನೆನ್ನಬೇಕೆಂಬುದು ಚಿಕ್ಕ ಪ್ರಶ್ನೆ. ‘ಕೊಟ್ಟಿಗೆ’ ಎಂದರೆ ದನ ಬೇಕು. ‘ಹಟ್ಟಿ’ ಕರಾವಳಿಯಲ್ಲಿ ದನದ್ದು, ಚಿತ್ರದುರ್ಗದ ಕಡೆ ಊರೇ ಹಟ್ಟಿ. ‘ಔಟ್‌ಹೌಸ್’ ಎಂದರೆ ಬೆಂಗಳೂರಿನಲ್ಲಿ ಬಾಡಿಗೆಯವರು ನೆನಪಾಗುತ್ತಾರೆ. ಸದ್ಯಕ್ಕೆ ‘ಹೊರಮನೆ’ ಎಂದು ಬರೆದಿದ್ದೇನೆ.

ಈಗ ತಮ್ಮಲ್ಲಿ ಕೇಳುವುದು ಇಷ್ಟು. ‘ಗಾಜಿನೆಳೆ’ ಅಥವಾ ಅಂಥದೇ ಮಾತು ತಮ್ಮ ಕಡೆ ಕೇಬಲ್ಲಿನವರ ಬಾಯಲ್ಲಿ ಆಗಲೇ ಬಳಕೆಯಲ್ಲಿದೆಯೇ? ಇದಕ್ಕಿಂತ ಒಳ್ಳೆಯ ಪದವೊಂದು ಕೆಲಸಗಾರರ ನಡುವೆ ಹುಟ್ಟಿಕೊಂಡಿದ್ದರೆ ನನ್ನದನ್ನು ಕೈಬಿಡಲು ಸಿದ್ಧನಿದ್ದೇನೆ. ಸ್ವಿಚ್ಚಿಗೆ ‘ಬಟವಾಡೆ ಪೆಟ್ಟಿಗೆ’ ಒಪ್ಪುವುದೇ, ಅಥವಾ ‘ಇಂಟರ್ನೆಟ್ ಸ್ವಿಚ್’ ಎಂದಷ್ಟೇ ಬರೆದು ಬೆಳಕಿನ ಸ್ವಿಚ್ಚಿನಿಂದ ಬೇರ್ಪಡಿಸಿದರೆ ಸಾಕೇ? ಮುಂದಿನ ಸೋಮವಾರ ಗಾರೆಯವರು ಬರುತ್ತಾರೆ. ಅದಕ್ಕೆ ಮೊದಲು ಒಂಬತ್ತು ಪೈಪುಗಳ ಬಾಯಿಗೂ ಹೆಸರು ಬರೆದ ಚೀಟಿ ಕಟ್ಟಬೇಕಾಗಿದೆ.